ಮನೆ ಹುಡುಕುತ್ತಾ ಕಂಡ ಮೈಸೂರಿನ ಮೊಹಲ್ಲಾಗಳು

ಹನ್ನೊಂದು ವರ್ಷ ಇದ್ದ ಮಂಡಿ ಮೊಹಲ್ಲಾದ ಬಾಡಿಗೆ ಮನೆಯನ್ನು ನಾವು ಈ ವರ್ಷ ಬಿಡಬೇಕಾಯಿತು. ಮಾಲೀಕರ ಮಗನಿಗೆ ಮದುವೆ ನಿಶ್ಚಯವಾಗಿ ಮೇಲಿನ ಮಹಡಿ ಅವರಿಗೇ ಬೇಕಾಯಿತು. ಜಗಳವೇನೂ ಇಲ್ಲ, ಎರಡು ತಿಂಗಳ ಸಮಯ ಕೊಟ್ಟರು. ಅಂದಿನಿಂದ ಆರು ಭಾನುವಾರ ಅಬ್ಬು, ಅಮ್ಮಿ ಮತ್ತು ನಾನು ಮನೆ ಹುಡುಕಿಕೊಂಡು ಮೈಸೂರು ಸುತ್ತಿದೆವು. ಕಾಮರ್ಸ್ ಓದುತ್ತೇನೆಂದು ಲೆಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂತು. ಅಕೌಂಟೆನ್ಸಿ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಬಾಡಿಗೆ, ಅಡ್ವಾನ್ಸ್, ನೀರು, ಬಸ್ಸು, ಅಬ್ಬು ಅಂಗಡಿಗೆ ದೂರ ಎಂದು ಐದು ಕಾಲಂ ಹಾಕಿದೆ. ಹುಟ್ಟಿ ಬೆಳೆದ ಊರನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಆ ಪುಟಗಳನ್ನು ತುಂಬಿಸುವಾಗ ಗೊತ್ತಾಯಿತು.

ಹೆಸರಿನಲ್ಲೇ ಇದೆ ಕಥೆ

ಬೇರೆ ಊರುಗಳಲ್ಲಿ ಪೇಟೆ, ಕೇರಿ, ನಗರ ಎನ್ನುವ ಕಡೆ ಹಳೆಯ ಮೈಸೂರಿನಲ್ಲಿ 'ಮೊಹಲ್ಲಾ' ಎನ್ನುತ್ತಾರೆ. ಕೃಷ್ಣರಾಜ ಮೊಹಲ್ಲಾ, ದೇವರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ ಎಂದು ಅರಸರ ಹೆಸರಿಗೂ ಇದೇ ಪದ ಸೇರಿಕೊಂಡಿದೆ. ನಮ್ಮ ಮನೆಮಾತಿನ ಈ ಪದ ಅರಮನೆಯ ಸುತ್ತಲೂ ಹೇಗೆ ಬಂತು ಎಂದು ಉರ್ದು ಉಪನ್ಯಾಸಕರನ್ನು ಕೇಳಿದೆ. ಪದದ ಮೂಲ ಅರಬ್ಬಿ, ಪ್ರಯಾಣದಲ್ಲಿ ಇಳಿದು ತಂಗುವ ಜಾಗ ಎಂಬ ಅರ್ಥದಿಂದ ಬಂದದ್ದು ಎಂದರು. ಈಗ ಯಾರಾದರೂ 'ವಿ.ವಿ. ಮೊಹಲ್ಲಾ' ಎಂದರೆ ಅದು ಉರ್ದು ಎಂದು ಯಾರಿಗೂ ಅನಿಸುವುದಿಲ್ಲ, ಅದು ಮೈಸೂರು ಕನ್ನಡವೇ ಆಗಿಹೋಗಿದೆ.

ಮಂಡಿ ಎಂದರೆ ಸಗಟು ಮಾರುಕಟ್ಟೆ. ಲಷ್ಕರ್ ಎಂದರೆ ಸೈನ್ಯ. ಸಂತ ಫಿಲೋಮಿನಾ ಚರ್ಚ್ ಇರುವ ಲಷ್ಕರ್ ಮೊಹಲ್ಲಾದ ಹೆಸರು ಹಿಂದಿನ ಸೈನಿಕರನ್ನು ಇನ್ನೂ ನೆನಪಿಸುತ್ತದೆ. ನಜರ್‌ಬಾದ್ ಟಿಪ್ಪು ಸುಲ್ತಾನರ ಕಾಲದ ಹೆಸರು. ಅವರು ಅಲ್ಲಿ ಹೊಸ ಕೋಟೆ ಕಟ್ಟಿಸಲು ಆರಂಭಿಸಿದ್ದರು. 1799ರ ನಂತರ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿತು, ಕೋಟೆ ಉಳಿಯಲಿಲ್ಲ, ಹೆಸರು ಉಳಿಯಿತು. ವಿ.ವಿ. ಎಂದರೆ ವಾಣಿವಿಲಾಸ. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಚಿಕ್ಕವರಿದ್ದಾಗ 1895ರಿಂದ 1902ರವರೆಗೆ ರಾಜ್ಯದ ಹೊಣೆ ಹೊತ್ತ ಮಹಾರಾಣಿಯವರು. ಇಟ್ಟಿಗೆಗೂಡು ಎಂಬ ಹೆಸರಿಗೆ ವಿವರಣೆಯೇ ಬೇಡ.

ಮನೆ ನೋಡುವವರಿಗೆ ಈ ಚರಿತ್ರೆ ಉಪಯೋಗಕ್ಕೂ ಬರುತ್ತದೆ. ಮಂಡಿ, ಲಷ್ಕರ್ ಕಡೆ ಅಂಗಡಿ ಮುಂದೆ, ಮನೆ ಹಿಂದೆ ಅಥವಾ ಮೇಲೆ. ಓಣಿ ಕಿರಿದು, ಆದರೆ ಹಾಲು, ಮಾಂಸ, ಔಷಧಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಪ್ಲೇಗಿನ ಹಾವಳಿಯ ಕಾಲದಲ್ಲಿ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಇಲ್ಲದ ಕೇರಿಗಳ ಹೊರಗೆ, ಅಳತೆ ಹಾಕಿದ ಹೊಸ ಬಡಾವಣೆಗಳು ಹುಟ್ಟಲಾರಂಭಿಸಿದವು. ಸರಸ್ವತಿಪುರಂನಲ್ಲಿ ಇಂತಿಷ್ಟನೇ ಮೇನ್, ಇಂತಿಷ್ಟನೇ ಕ್ರಾಸ್ ಎಂದರೆ ಸಾಕು, ಯಾರನ್ನೂ ಕೇಳದೆ ಮನೆ ಸಿಗುತ್ತದೆ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಅಲ್ಲಿ ಸಂಜೆ ನಿಂತಾಗ "ಇಲ್ಲೇ ಇದ್ದುಬಿಡೋಣ" ಎಂದು ಅಮ್ಮಿಗೆ ಹೇಳಿದೆ. ಅಮ್ಮಿ ನನ್ನ ಪುಸ್ತಕದ ಬಾಡಿಗೆ ಕಾಲಂ ತೋರಿಸಿದರು.

ಭೋಗ್ಯವೋ ಬಾಡಿಗೆಯೋ

ರಾಜೀವನಗರದ ಕಡೆ ಒಬ್ಬ ಮಾಲೀಕರು ಎರಡು ದಾರಿ ಹೇಳಿದರು: ಒಂದು ಲಕ್ಷ ಅಡ್ವಾನ್ಸ್, ತಿಂಗಳಿಗೆ 10,000 ಬಾಡಿಗೆ, ಇಲ್ಲವೇ ಮೂರು ವರ್ಷಕ್ಕೆ 8 ಲಕ್ಷ ಭೋಗ್ಯ. ಭೋಗ್ಯದಲ್ಲಿ ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಪೂರ್ತಿ ಹಣ ವಾಪಸ್. ಕೇಳಲು ಪುಕ್ಕಟೆ ಮನೆ ಸಿಕ್ಕಂತೆ ಇದೆ. ಆದರೆ ಅರ್ಥಶಾಸ್ತ್ರದಲ್ಲಿ ನಾವು ಓದಿದ 'ಅವಕಾಶ ವೆಚ್ಚ' ಇಲ್ಲಿ ಬರುತ್ತದೆ. ಅದೇ 8 ಲಕ್ಷ ಬೇರೆ ಕಡೆ ವರ್ಷಕ್ಕೆ ಶೇ. 7 ದುಡಿದರೆ 56,000 ರೂಪಾಯಿ, ಮೂರು ವರ್ಷಕ್ಕೆ 1,68,000. ಬಾಡಿಗೆಯಾದರೆ ಮೂರು ವರ್ಷಕ್ಕೆ 3,60,000. ಕಾಗದದ ಮೇಲೆ ಭೋಗ್ಯವೇ ಲಾಭ.

ಅಬ್ಬು ಲೆಕ್ಕ ನೋಡಿ ನಕ್ಕರು. "ಬೇಟಾ, ಆ 8 ಲಕ್ಷ ಎಲ್ಲಿಂದ ಬರುತ್ತದೆ ಎಂದು ಬರೆದಿಲ್ಲವಲ್ಲ?" ಅಂಗಡಿಯ ಬಟ್ಟೆ ಸರಕು ಮಾರಿ, ಅಮ್ಮಿಯ ಒಡವೆ ಸೇರಿಸಿದರೆ ಮಾತ್ರ ಅಷ್ಟು ಹಣ. ಮಾಲೀಕರು ಆ ಮನೆಯ ಮೇಲೆ ಸಾಲ ಮಾಡಿದ್ದರೆ ನಮ್ಮ ಹಣ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಭೋಗ್ಯಕ್ಕೆ ಮುಂಚೆ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಬೇಕು, ಒಪ್ಪಂದವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ನಾವು ಬಾಡಿಗೆಯೇ ಸಾಕು ಎಂದುಕೊಂಡೆವು.

ಬಾಡಿಗೆ ಕರಾರು ಹನ್ನೊಂದೇ ತಿಂಗಳಿಗೆ ಏಕೆ ಎಂಬುದೂ ಆಗಲೇ ತಿಳಿಯಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳಿಗೆ ಬರೆಸಿ ಮತ್ತೆ ನವೀಕರಿಸುತ್ತಾರೆ.

ನಾನು ಹಾಕದೆ ಬಿಟ್ಟ ಕಾಲಂ

ನಾಲ್ಕನೇ ಭಾನುವಾರ ಅಗಲ ರಸ್ತೆಯ ಒಂದು ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಬಾಡಿಗೆ 11,500. ಮಾಲೀಕರು ತಾವೇ ನಿಂತು ಅಡುಗೆಮನೆ, ಸಂಪು, ತಾರಸಿ ತೋರಿಸಿದರು. ನನ್ನ ಓದಿನ ಬಗ್ಗೆ ಕೇಳಿ "ಜಾಣೆ" ಎಂದರು. ಕೊನೆಗೆ ಅಬ್ಬು ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರನ್ನು ಕೇಳಿ ಫೋನ್ ಮಾಡ್ತೀನಿ" ಎಂದರು. ಫೋನ್ ಬರಲಿಲ್ಲ. ಮುಂದಿನ ವಾರವೂ ಆ ಮನೆಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡ್ ಹಾಗೇ ಇತ್ತು. ಅಬ್ಬು ಸ್ಕೂಟರ್ ನಿಲ್ಲಿಸದೆ ಮುಂದೆ ಹೋದರು, ನಾನೂ ಏನೂ ಕೇಳಲಿಲ್ಲ.

ಆ ರಾತ್ರಿ ನೋಟ್ ಪುಸ್ತಕ ತೆರೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮವರೇ ಹೆಚ್ಚಿರುವ ಓಣಿಯೊಂದರಲ್ಲಿ ಅಷ್ಟೇ ಅಳತೆಯ, ಗಾಳಿ ಕಡಿಮೆಯ ಮನೆಗೆ 12,000 ಕೇಳಿದ್ದರು. ಅಲ್ಲಿ ಏಕೆ ಹೆಚ್ಚು? ಬೇಡಿಕೆ ಮತ್ತು ಪೂರೈಕೆಯ ಪಾಠ ನೆನಪಾಯಿತು. ಹತ್ತು ಬಡಾವಣೆಗಳಲ್ಲಿ ಮನೆ ಖಾಲಿ ಇದ್ದರೂ ಎರಡರಲ್ಲಿ ಮಾತ್ರ ನಮಗೆ ಕೊಡುತ್ತಾರೆ ಎಂದಾದರೆ, ಬೇಡಿಕೆಯೆಲ್ಲ ಆ ಎರಡಕ್ಕೇ ಬಂದು ಸೇರುತ್ತದೆ, ಬಾಡಿಗೆ ಏರುತ್ತದೆ. ಆಮೇಲೆ ಜನ "ಅವರು ಅವರ ಏರಿಯಾದಲ್ಲೇ ಇರ್ತಾರೆ" ಎನ್ನುತ್ತಾರೆ. ಇರುವವರು ಅದಕ್ಕೆ ಹೆಚ್ಚು ಬಾಡಿಗೆಯನ್ನೂ ಕೊಡುತ್ತಿದ್ದಾರೆ ಎಂಬುದು ಆ ಮಾತಿನಲ್ಲಿ ಬರುವುದಿಲ್ಲ. ಇನ್ನೊಂದನ್ನೂ ಹೇಳಬೇಕು. ದಾದಿಗೆ ಅಜಾನ್ ಕೇಳಿಸುವ ಜಾಗ ಬೇಕಿತ್ತು, ಅಮ್ಮಿಗೆ ಮಾತಿಗೆ ನಾಲ್ಕು ಜನ ಬೇಕಿತ್ತು. ಅದು ನಾವೇ ಬಯಸಿದ್ದು. ನಾವು ಬಯಸಿ ಒಂದು ಕಡೆ ಇರುವುದು ಬೇರೆ, ಬೇರೆ ಬಾಗಿಲು ತೆರೆಯದೆ ಇರುವುದು ಬೇರೆ.

ಕೊನೆಗೆ ಸಿಕ್ಕ ಮನೆ

ಆರನೇ ಭಾನುವಾರ ಇಟ್ಟಿಗೆಗೂಡಿನಲ್ಲಿ ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಯ ಮೇಲ್ಭಾಗ ನೋಡಿದೆವು. ಈ ಸಲ ಅಬ್ಬು ಮೊದಲೇ ತಮ್ಮ ಹೆಸರು ಹೇಳಿಬಿಟ್ಟರು. ಅಜ್ಜಿ, "ಸರಿನಪ್ಪಾ, ಎಷ್ಟು ಜನ ಇದ್ದೀರಿ? ಮೋಟರ್ ಹಾಕಿದ್ರೆ ನೆನಪಿಟ್ಟು ಆಫ್ ಮಾಡ್ತೀರಾ? ಹಿಂದೆ ಇದ್ದೋರು ಟ್ಯಾಂಕ್ ತುಂಬಿ ಹರಿಸ್ತಿದ್ರು" ಎಂದರು. ಬಾಡಿಗೆ 11,000. ಹತ್ತಿರದಲ್ಲೇ ಮೃಗಾಲಯ ಇರುವುದರಿಂದ ಬೆಳಗಿನ ಜಾವ ಸಿಂಹದ ಗರ್ಜನೆ ಕೇಳಿಸುತ್ತದೆ ಎಂದೂ ಎಚ್ಚರಿಸಿದರು. ಈಗ ದಾದಿಗೆ ದೂರದಿಂದ ಅಜಾನ್ ಕೇಳಿಸುತ್ತದೆ, ಕೆಲವು ದಿನ ಸಿಂಹವೂ ಕೇಳಿಸುತ್ತದೆ. ಮೋಟರ್ ಆಫ್ ಮಾಡುವುದು ನನ್ನ ಕೆಲಸ.

ಮನೆ ಹುಡುಕುವ ಸ್ನೇಹಿತರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ವಿದ್ಯುತ್ ಮೀಟರ್ ಪ್ರತ್ಯೇಕವಿದೆಯೇ ನೋಡಿ, ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ. ಒಮ್ಮೆ ಹಗಲು, ಒಮ್ಮೆ ರಾತ್ರಿ ಆ ಬೀದಿಯಲ್ಲಿ ನಡೆದು ನೋಡಿ.

ನಿಮ್ಮ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆ ಇದ್ದರೆ, ಹೆಸರು ಕೇಳುವ ಮೊದಲು ಮೋಟರಿನ ವಿಷಯ ಕೇಳಿ ಎಂದು ಮನೆಯ ಹಿರಿಯರಿಗೆ ಹೇಳಿ. ಇದು ನಮ್ಮವರಿಗೂ ಅನ್ವಯಿಸುತ್ತದೆ. ಹಾಗೆಯೇ ನಿಮ್ಮ ಮೊಹಲ್ಲಾ ಅಥವಾ ಕೇರಿಯ ಹೆಸರು ಹೇಗೆ ಬಂತು ಎಂದು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಗೆ ಸೇರಿಸೋಣ.