ಮನೆಗೆ ಆರ್.ಓ. ಯಂತ್ರ ಬೇಕೇ? ಮೊದಲು ಬಾವಿಯ ನೀರನ್ನು ಪರೀಕ್ಷಿಸಿ



ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಗುರುನಿವಾಸಕ್ಕೆ ಒಬ್ಬ ಯುವಕ ಬಂದ. ಕೈಯಲ್ಲೊಂದು ಪೆಟ್ಟಿಗೆ, ಮಾತಿನಲ್ಲಿ ತುಂಬ ವಿನಯ. ಎರಡು ಗ್ಲಾಸು ಕೇಳಿ ಪಡೆದ. ಒಂದರಲ್ಲಿ ನಮ್ಮ ಕೊಳವೆ ಬಾವಿಯ ನೀರು, ಇನ್ನೊಂದರಲ್ಲಿ ಅವನೇ ತಂದಿದ್ದ ಆರ್.ಓ. ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹರಿಸಿದ. ಸ್ವಲ್ಪ ಹೊತ್ತಿನಲ್ಲೇ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳಕು ನೊರೆ ತೇಲಿತು. ಅವನ ನೀರು ತಿಳಿಯಾಗಿಯೇ ಇತ್ತು. "ನೋಡಿ ಫಾದರ್, ನೀವು ದಿನವೂ ಕುಡಿಯುತ್ತಿರುವುದು ಇದನ್ನೇ" ಎಂದ. ಬಾಗಿಲಲ್ಲಿ ನಿಂತಿದ್ದ ಅಡುಗೆಯ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ಒಂದು ಚಿಟಿಕೆ ಅಡುಗೆ ಉಪ್ಪು ತರಿಸಿ, ಅವನ ಶುದ್ಧ ನೀರಿಗೇ ಹಾಕಿ ಕದಡಿ, "ಈಗ ಇದಕ್ಕೆ ಕಡ್ಡಿ ಇಳಿಸಪ್ಪಾ" ಎಂದೆ. ಆ ನೀರು ನಮ್ಮ ನೀರಿಗಿಂತ ಹೆಚ್ಚು ಕಂದಾಯಿತು! ಯುವಕ ಪೆಟ್ಟಿಗೆ ಮುಚ್ಚಿದ.

ಇದರಲ್ಲಿ ಮಾಯವೇನೂ ಇಲ್ಲ. ನೀರಿನಲ್ಲಿ ಲವಣಾಂಶವಿದ್ದರೆ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದಾಗ ಕಡ್ಡಿಯ ಕಬ್ಬಿಣವೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ಆ ಕಂದು ಬಣ್ಣ ಕಡ್ಡಿಯದು, ಬಾವಿಯದಲ್ಲ. ಆರ್.ಓ. ನೀರಿನಲ್ಲಿ ಲವಣ ಬಹಳ ಕಡಿಮೆ, ಆದ್ದರಿಂದ ವಿದ್ಯುತ್ ಹರಿಯುವುದೂ ಕಡಿಮೆ, ಅಷ್ಟೇ. ಎಳನೀರಿಗೆ ಕಡ್ಡಿ ಇಳಿಸಿದರೂ ಹೀಗೆಯೇ ಆದೀತು. ಹಾಗೆಂದು ಎಳನೀರು ವಿಷವೇ?

ಆದರೆ ಅದೇ ಪ್ರದರ್ಶನವನ್ನು ಕಂಡು ಹೆದರಿ, ಅಡಿಕೆ ಮಾರಿದ ಹಣದಿಂದ ಯಂತ್ರ ಕೊಂಡ ಮನೆಗಳು ನಮ್ಮ ವಾಳೆಗಳಲ್ಲಿ ಕೆಲವಿವೆ. ಆದ್ದರಿಂದ ಈ ವಿಷಯವನ್ನು ನಿಧಾನವಾಗಿ ವಿಚಾರ ಮಾಡುವುದು ಅಗತ್ಯ.

ಯಂತ್ರದೊಳಗೆ ನಡೆಯುವುದೇನು?

ತೆಳುವಾದ ಪೊರೆಯ ಒಂದು ಬದಿಯಲ್ಲಿ ಸಾಂದ್ರ ದ್ರವ, ಇನ್ನೊಂದು ಬದಿಯಲ್ಲಿ ಬರಿಯ ನೀರು ಇದ್ದರೆ, ನೀರು ತಾನಾಗಿ ಸಾಂದ್ರ ದ್ರವದ ಕಡೆಗೆ ಒಸರುತ್ತದೆ. ಫ್ರಾನ್ಸಿನಲ್ಲಿ ಡೀಕನ್ ದೀಕ್ಷೆ ಪಡೆದು ವಿಜ್ಞಾನದ ಕಡೆಗೆ ತಿರುಗಿದ ಅಬ್ಬೆ ನೊಲ್ಲೆ ಎಂಬವರು 1748ರಲ್ಲಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ಗಮನಿಸಿದರು. ಇದಕ್ಕೆ ಆಸ್ಮಾಸಿಸ್ ಎಂದು ಹೆಸರು. ಸಾಂದ್ರ ದ್ರವದ ಕಡೆಯಿಂದ ಬಲವಾಗಿ ಒತ್ತಿದರೆ ನೀರು ಹಿಂದಕ್ಕೆ ಒಸರುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಇದೇ ರಿವರ್ಸ್ ಆಸ್ಮಾಸಿಸ್, ಅಂದರೆ ಆರ್.ಓ. ಇದಕ್ಕೆ ತಕ್ಕ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಉಪ್ಪುನೀರನ್ನು ಸಿಹಿನೀರಾಗಿಸುವುದೇ ಅವರ ಗುರಿಯಾಗಿತ್ತು ಎಂಬುದನ್ನು ಗಮನಿಸಿ.

ಮನೆಯ ಯಂತ್ರದಲ್ಲಿ ಮೊದಲು ಮಣ್ಣು, ಕೆಸರು ತಡೆಯುವ ಸೋಸುಕ; ಆಮೇಲೆ ವಾಸನೆ, ಕ್ಲೋರಿನ್ ಹೀರುವ ಇದ್ದಿಲು; ಬಳಿಕ ನೀರನ್ನು ಒತ್ತುವ ಸಣ್ಣ ಪಂಪು; ಕೊನೆಗೆ ಸುರುಳಿ ಸುತ್ತಿದ ಪೊರೆ. ಒಳಗೆ ಹೋದ ನೀರೆಲ್ಲ ಶುದ್ಧವಾಗಿ ಹೊರಬರುವುದಿಲ್ಲ. ಸಾಧಾರಣವಾಗಿ ಒಂದು ಲೀಟರ್ ಕುಡಿಯುವ ನೀರಿಗೆ ಸುಮಾರು ಮೂರು ಲೀಟರ್ ನೀರು ಇನ್ನೊಂದು ನಳಿಗೆಯಲ್ಲಿ ಹೊರಗೆ ಹೋಗುತ್ತದೆ.

ನಮ್ಮ ನೀರಿನ ಗುಣ

ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣಕ್ಕೆ ಟಿ.ಡಿ.ಎಸ್. ಎನ್ನುತ್ತಾರೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಂತೆ ಇದು ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಲ್ಲಿ 2000ದವರೆಗೂ ಸಹಿಸಬಹುದು.

ಕಾಸರಗೋಡಿನ ಗುಡ್ಡೆಗಳು ಮುರಕಲ್ಲಿನವು. ಮಳೆಯ ನೀರು ಮುರಕಲ್ಲಿನ ಮೂಲಕ ಇಳಿದು ನಮ್ಮ ಬಾವಿಗೆ, ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳಿಗೆ ಬರುತ್ತದೆ. ಇದು ಬಹಳ ಮೃದುವಾದ ನೀರು. ನಮ್ಮ ಗುರುನಿವಾಸದ ತೆರೆದ ಬಾವಿಯ ಟಿ.ಡಿ.ಎಸ್. 60 ಮಾತ್ರ, ಆ ಯುವಕ ಹೆದರಿಸಿದ ಕೊಳವೆ ಬಾವಿಯದು 180. ಇಂತಹ ನೀರಿನಿಂದ ಲವಣ ತೆಗೆಯುವುದೆಂದರೆ ಬಡವನ ಜೇಬಿಗೆ ಕತ್ತರಿ ಹಾಕಿದಂತೆ.

ಒಂದು ಸರಳ ಲೆಕ್ಕ ನೋಡಿ. ಟಿ.ಡಿ.ಎಸ್. 60 ಇರುವ ನಾಲ್ಕು ಲೀಟರ್ ನೀರು ಯಂತ್ರಕ್ಕೆ ಹೋಗುತ್ತದೆ. ಒಂದು ಲೀಟರ್ 6ಕ್ಕೆ ಇಳಿದು ಹೂಜಿಗೆ ಬೀಳುತ್ತದೆ. ಉಳಿದ ಮೂರು ಲೀಟರಿನ ಟಿ.ಡಿ.ಎಸ್. 78. ಲವಣದ ಮಟ್ಟಿಗೆ ಅದೂ ಒಳ್ಳೆಯ ಕುಡಿಯುವ ನೀರೇ! ಅದನ್ನು ನಾವು ಚರಂಡಿಗೆ ಬಿಡುತ್ತೇವೆ. ದಿನಕ್ಕೆ 20 ಲೀಟರ್ ಬಳಸುವ ಮನೆಯಲ್ಲಿ ಹೀಗೆ ಹೊರಗೆ ಹೋಗುವುದು 60 ಲೀಟರ್, ವರ್ಷಕ್ಕೆ 21,900 ಲೀಟರ್. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಈ ಲೆಕ್ಕ ನೆನಪಾಗಬೇಕು.

ಇದೇ ಕಾರಣಕ್ಕೆ 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವಲ್ಲಿ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಖನಿಜಾಂಶವೇ ಇಲ್ಲದ ನೀರನ್ನು ಬಹುಕಾಲ ಕುಡಿಯುವುದು ಆರೋಗ್ಯಕ್ಕೆ ಹಿತವಲ್ಲ ಎಂಬ ಎಚ್ಚರಿಕೆ ವಿಶ್ವ ಆರೋಗ್ಯ ಸಂಸ್ಥೆಯ 2005ರ ಪ್ರಕಟಣೆಯಲ್ಲಿಯೂ ಇದೆ. ನಮ್ಮ ಮುರಕಲ್ಲಿನ ನೀರಿಗೆ ಹುಳಿ ಗುಣವೂ ಉಂಟು. ಆರ್.ಓ. ಅದನ್ನು ಸರಿಪಡಿಸುವುದಿಲ್ಲ, ಇನ್ನಷ್ಟು ಹೆಚ್ಚಿಸುತ್ತದೆ.

ನಿಜವಾದ ಶತ್ರು

ಹಾಗಾದರೆ ನಮ್ಮ ಬಾವಿಯ ನೀರೆಲ್ಲ ಶುದ್ಧವೇ? ಖಂಡಿತ ಅಲ್ಲ. ಇಲ್ಲಿಯೇ ನಾವು ಎಡವುವುದು.

ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಮನೆಯಲ್ಲಿ ಮೂವರಿಗೆ ಕಾಮಾಲೆ ಬಂತು. ಕಾಲೇಜಿಗೆ ಹೋಗುವ ಹುಡುಗ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿದ. ನಾನು ನೋಡಲು ಹೋದಾಗ ತಂದೆ ಕಣ್ಣೀರು ಹಾಕಿ, "ಫಾದರ್, ಹದಿನೆಂಟು ಸಾವಿರ ಕೊಟ್ಟು ಯಂತ್ರ ಹಾಕಿಸಿದ್ದೆ, ಆದರೂ ಹೀಗಾಯಿತಲ್ಲ" ಎಂದರು. ಮನೆಗೆ ಹೋಗಿ ನೋಡಿದೆ. ಯಂತ್ರ ಚಾವಡಿಯ ಗೋಡೆಯಲ್ಲಿ ಇತ್ತು. ನೆಂಟರಿಗೆ ಅದರ ನೀರು. ಅಜ್ಜಿಗೆ ಅದರ ರುಚಿ ಹಿಡಿಸದೆ ಕೊಡಪಾನದ ನೀರನ್ನೇ ಕುಡಿಯುತ್ತಿದ್ದರು. ಮಜ್ಜಿಗೆಗೆ, ಚಟ್ನಿಗೆ, ಬಾಯಿ ಮುಕ್ಕಳಿಸಲು ಬಾವಿಯ ಹಸಿ ನೀರು. ಕುದಿಸಿದ ನೀರು ಬೇಗ ತಣಿಯಲೆಂದು ಅದಕ್ಕೆ ಒಂದು ಚೊಂಬು ತಣ್ಣೀರು ಬೆರೆಸುವುದೂ ರೂಢಿ. ಬಾವಿಯ ಮೇಲುಗಡೆ, ಇಳಿಜಾರಿನಲ್ಲಿ, ಇಪ್ಪತ್ತು ಅಡಿ ದೂರದಲ್ಲಿ ಹೊಸ ಶೌಚಾಲಯದ ಗುಂಡಿ!

ಮುರಕಲ್ಲಿನಲ್ಲಿ ತೂತುಗಳು ಹೆಚ್ಚು. ಮಳೆಗಾಲದಲ್ಲಿ ಗುಂಡಿಯ ನೀರು ಬೇಗ ಬಾವಿಗೆ ಇಳಿಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣು ದೇಹ ಸೇರಿ ರೋಗ ಕಾಣಿಸಿಕೊಳ್ಳಲು ಸಾಧಾರಣ ಒಂದು ತಿಂಗಳು ಬೇಕು. ಆದುದರಿಂದ ಯಾವ ನೀರಿನಿಂದ ಬಂತೆಂದು ನಮಗೆ ಹೊಳೆಯುವುದೇ ಇಲ್ಲ. ಇನ್ನೊಂದು ಮುಖ್ಯ ವಿಷಯ: ಟಿ.ಡಿ.ಎಸ್. ಮೀಟರು ರೋಗಾಣುವನ್ನು ತೋರಿಸುವುದಿಲ್ಲ. ಮೀಟರಿನಲ್ಲಿ 60 ಎಂದು ಕಂಡ ನೀರಿನಲ್ಲಿಯೂ ಕಾಮಾಲೆ ಇರಬಹುದು.

ಇದಕ್ಕೆ ಅಗ್ಗದ ಮದ್ದುಗಳಿವೆ. ಶೌಚಾಲಯದ ಗುಂಡಿ, ಹಟ್ಟಿ, ಗೊಬ್ಬರದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಅದೂ ಇಳಿಜಾರಿನ ಕೆಳಗಡೆ ಇರಲಿ. ಬಾವಿಗೆ ಕಟ್ಟೆ, ಸುತ್ತ ಸಿಮೆಂಟಿನ ನೆಲ, ಮೇಲೆ ಬಲೆ ಇರಲಿ. ಮೈಲುತುತ್ತು, ಸುಣ್ಣ ಕಲಸುವ ಡ್ರಮ್ಮನ್ನು ಬಾವಿಕಟ್ಟೆಯ ಬಳಿ ತೊಳೆಯಬೇಡಿ. ಕುಡಿಯುವ ನೀರು ಚೆನ್ನಾಗಿ ಕುದಿಯಲಿ, ಮುಚ್ಚಿಟ್ಟ ಪಾತ್ರೆಯಲ್ಲೇ ತಣಿಯಲಿ.

ಮಳೆಗಾಲದ ಆರಂಭದಲ್ಲಿ ಮತ್ತು ಆಗಾಗ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಬಾವಿಯ ಅಗಲ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಸುಮಾರು 28,000 ಲೀಟರ್ ನೀರಿದೆ; 70 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಬಾವಿಯ ನೀರಿನೊಳಗೆ ಇಳಿಸಿ ಚೆನ್ನಾಗಿ ಕದಡಿ. ಸಂಜೆ ಹಾಕಿದರೆ ಬೆಳಿಗ್ಗೆ ನೀರು ಸೇದಬಹುದು. ಯಂತ್ರವೇ ಬೇಕೆನ್ನುವವರಿಗೆ, ತಿಳಿಯಾದ ನೀರಾದರೆ, ನೇರಳಾತೀತ ಬೆಳಕಿನ ಶುದ್ಧೀಕರಣ ಯಂತ್ರ ಸಾಕು. ಅದು ನೀರನ್ನು ಪೋಲು ಮಾಡುವುದಿಲ್ಲ.

ಆರ್.ಓ. ಯಾರಿಗೆ ಬೇಕು?

ನಾನು ಆರ್.ಓ. ವಿರೋಧಿಯಲ್ಲ. ಕಡಲ ಕರೆಯ, ಹೊಳೆಯ ಅಳಿವೆಯ ಬಳಿಯ ಮನೆಗಳಲ್ಲಿ ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದೆ. ಬಾವಿಕ್ಕರೆಯಿಂದ ಕಾಸರಗೋಡು ಪಟ್ಟಣಕ್ಕೆ ಬರುತ್ತಿದ್ದ ನಳ್ಳಿ ನೀರು ಕೂಡ ಎಷ್ಟೋ ಬೇಸಿಗೆಗಳಲ್ಲಿ ಬಾಯಿಗೆ ಹಾಕಲಾಗದಷ್ಟು ಉಪ್ಪಾಗಿದ್ದುದನ್ನು ಹಿರಿಯರು ಮರೆತಿರಲಾರರು. ಅಲ್ಲಿ ಆರ್.ಓ. ತಕ್ಕ ಮದ್ದು. ಅನಂತಪುರ, ಕೋಲಾರದಂತಹ ಬಯಲು ಸೀಮೆಯಲ್ಲಿ ಕೊಳವೆ ಬಾವಿಯ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ಆರ್.ಓ.ದಿಂದ ಹೋಗುತ್ತದೆ. ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಹಾಲುಣ್ಣುವ ಶಿಶುಗಳಿಗೆ ಅಪಾಯ, ಅದನ್ನೂ ಆರ್.ಓ. ತಗ್ಗಿಸುತ್ತದೆ. ಆದರೆ ನೀರು ಕೆಂಪಾಗುವಷ್ಟು ಕಬ್ಬಿಣವಿದ್ದರೆ ಮೊದಲು ಕಬ್ಬಿಣದ ಸೋಸುಕ ಹಾಕಿ. ಇಲ್ಲದಿದ್ದರೆ ಪೊರೆ ಬೇಗನೆ ಕಟ್ಟಿಕೊಳ್ಳುತ್ತದೆ.

"ಫಾದರ್, ಎಂಡೋಸಲ್ಫಾನ್?" ಎಂದು ಕೆಲವರು ಕೇಳುತ್ತಾರೆ. ಈ ಭಯಕ್ಕೆ ಕಾರಣವಿದೆ. ನಮ್ಮ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆಯಿತು. ಅದರಿಂದ ನೊಂದ ಮನೆಗಳು ನಮ್ಮ ನಡುವೆಯೇ ಇವೆ. ಆದರೆ ಆ ವಿಷ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮಣ್ಣಿಗೆ ಅಂಟಿಕೊಳ್ಳುತ್ತದೆ. ಟಿ.ಡಿ.ಎಸ್. ಮೀಟರಾಗಲಿ ಕಡ್ಡಿಯ ಆಟವಾಗಲಿ ಅದನ್ನು ತೋರಿಸಲಾರವು. ಸಂಶಯವಿದ್ದರೆ ಕೀಟನಾಶಕದ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು. ನಮ್ಮ ಜನರ ನೋವನ್ನು ತೋರಿಸಿ ಯಂತ್ರ ಮಾರುವವರಿಗೆ ಕಿವಿಗೊಡಬೇಡಿ.

ಈಗಾಗಲೇ ಕೊಂಡವರಿಗೆ

ಕೊಂಡವರು ಬೇಸರಿಸಬೇಕಾಗಿಲ್ಲ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೀವೇ ನೋಡಿಕೊಳ್ಳಬಹುದು.

1. ಒಳಹೋಗುವ ಮತ್ತು ಹೊರಬರುವ ನೀರಿನ ಟಿ.ಡಿ.ಎಸ್. ಅಳೆದು ಬರೆದಿಡಿ. 800 ಇದ್ದುದು 80ಕ್ಕೆ ಇಳಿದರೆ ನೂರರಲ್ಲಿ 90 ಪಾಲು ಲವಣ ಹೋಯಿತು. ಹೊರಬರುವ ನೀರಿನ ಅಂಕೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪೊರೆ ಸೋತಿದೆ ಎಂದರ್ಥ.

2. ಒಂದು ಲೀಟರ್ ಶುದ್ಧ ನೀರು ತುಂಬುವಾಗ ಎಷ್ಟು ನೀರು ಹೊರಗೆ ಹೋಯಿತೆಂದು ಬಕೆಟ್ಟಿನಲ್ಲಿ ಹಿಡಿದು ಅಳೆಯಿರಿ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಮೂಲ ನೀರು ಉಪ್ಪಾಗಿದ್ದರೆ ಅಡಿಕೆಯ ಬುಡಕ್ಕೆ, ತರಕಾರಿಗೆ ಹಾಕಬೇಡಿ.

3. ಸೋಸುಕಗಳನ್ನು ವರ್ಷಕ್ಕೊಮ್ಮೆಯಾದರೂ, ಪೊರೆಯನ್ನು ಸಾಧಾರಣ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಈ ಖರ್ಚನ್ನೂ ಕೂಡಿಸಿಯೇ ಯಂತ್ರದ ಬೆಲೆ ಲೆಕ್ಕ ಹಾಕಿ. ಒಳಗಿನ ತೊಟ್ಟಿ ತೊಳೆಯದಿದ್ದರೆ ಅಲ್ಲೇ ಪಾಚಿ ಬೆಳೆಯುತ್ತದೆ.

4. ಪೊರೆ ಸರಿಯಾಗಿದ್ದರೆ ರೋಗಾಣುವನ್ನೂ ತಡೆಯುತ್ತದೆ. ಆದರೆ ಎಲ್ಲಿಯಾದರೂ ಸಡಿಲವಾದರೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಯಂತ್ರ ಇದೆಯೆಂದು ಬಾವಿಯನ್ನು ಮರೆಯಬೇಡಿ.

ಕೊಳೆರೋಗಕ್ಕೆ ಮೈಲುತುತ್ತು ಬಿಡುತ್ತೇವೆ. ಅದೇ ಅಡಿಕೆ ಮರದ ಬೇರಿಗೆ ಹುಳ ಬಿದ್ದರೆ ತುದಿಗೆ ಮದ್ದು ಬಿಟ್ಟು ಫಲವಿಲ್ಲ. ತೋಟದಲ್ಲಿ ಇಷ್ಟು ವಿವೇಕವಿರುವ ನಮಗೆ ಅಡುಗೆ ಮನೆಯಲ್ಲಿ ಏಕೆ ಇರಬಾರದು? ರೋಗ ತಿಳಿದ ಮೇಲೆ ಮದ್ದು.

ನಮ್ಮ ಕಚೇರಿಯಲ್ಲಿ ಒಂದು ಟಿ.ಡಿ.ಎಸ್. ಮೀಟರು ಇಟ್ಟಿದ್ದೇವೆ. ಭಾನುವಾರದ ಪೂಜೆಯ ಬಳಿಕ ಬಾಟಲಿಯಲ್ಲಿ ನಿಮ್ಮ ಬಾವಿಯ ನೀರು ತನ್ನಿ, ನೋಡಿಕೊಡುತ್ತೇವೆ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿ ಬೇಕು, ನೀರನ್ನು ಅದೇ ದಿನ ಮುಟ್ಟಿಸಬೇಕು. ಒಂದು ವಾಳೆಯ ಐದಾರು ಮನೆಯವರು ಸೇರಿ ಗುರಿಕಾರರ ಮೂಲಕ ಕಳುಹಿಸಿದರೆ ಸುಲಭ.

ಆ ಹುಡುಗ ಈಗ ಗುಣವಾಗಿ ಕಾಲೇಜಿಗೆ ಹೋಗುತ್ತಿದ್ದಾನೆ. ಅವನ ತಂದೆ ಶೌಚಾಲಯದ ಗುಂಡಿಯನ್ನು ಗುಡ್ಡೆಯ ಕೆಳಗಡೆಗೆ ಬದಲಿಸಿದ್ದಾರೆ. ಅಜ್ಜಿ ಈಗಲೂ ಕೊಡಪಾನದ ನೀರನ್ನೇ ಕುಡಿಯುತ್ತಾರೆ, ಆದರೆ ಕುದಿಸಿ ತಣಿಸಿದ್ದನ್ನು.