ಬೀಟೆಯ ಧೂಳೂ ಹಾಲೆಯ ಬಿಳುಪೂ



ಎರಡು ಬಗೆಯ ಮರಗಳನ್ನು ಕೂಡಿಸಿ ಲೇಖನಿಯೊಂದನ್ನು ಕಡೆಯುವುದು ಬಿಡುವಿನ ವೇಳೆಯ ಸುಲಭ ವಿನೋದವೆಂದು ನಾನು ಬಹುಕಾಲ ಭಾವಿಸಿದ್ದೆನು. ತುಂಗಭದ್ರೆಯ ದಡದ ಹಲವಾಗಲಿನಲ್ಲಿ ನನಗೆ ಅಕ್ಷರ ಕಲಿಸಿದ ಉಪಾಧ್ಯಾಯರಿಗೆ ಒಪ್ಪಿಸಲೆಂದು ಬೀಟೆಮರದ ಲೇಖನಿಯೊಂದನ್ನು ಕಡೆದು, ಅದರ ನಡುವೆ ಹಾಲೆಮರದ ಬಳೆಯೊಂದನ್ನು ಕೂಡಿಸಿದೆನು. ಉಳಿಯ ಕೆಲಸ ಮುಗಿದಾಗ ಬಳೆಯು ಬೆಳ್ಳಗಿದ್ದಿತು. ಮರಳುಕಾಗದದಿಂದ ಉಜ್ಜಿ ನೋಡಿದರೆ, ಅದು ಒಗೆಯದ ಪಂಚೆಯ ಅಂಚಿನಂತೆ ಮಾಸಿಹೋಗಿದ್ದಿತು. ತಪ್ಪು ನನ್ನದೇ, ಆದರೆ ಅದರ ಕಾರಣವು ತಿಳಿಯತಕ್ಕದ್ದಾಗಿದೆ.

ಮರವೆಂಬುದು ಸೂಕ್ಷ್ಮವಾದ ನಾಳಗಳ ಕಟ್ಟು. ಉಜ್ಜುವಾಗ ಏಳುವ ಬೀಟೆಯ ಕಪ್ಪು ಧೂಳು ಬಿಳಿಯ ಮರದ ತೆರೆದ ನಾಳಗಳೊಳಗೆ ಹೊಕ್ಕು ಕುಳಿತುಬಿಡುತ್ತದೆ. ಬೀಟೆಯ ಬಣ್ಣವು ಸ್ಪಿರಿಟ್ಟಿನಲ್ಲಿ ಕರಗತಕ್ಕದ್ದು ಬೇರೆ. ಆದುದರಿಂದ ಧೂಳನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಹೊರಟವನು ಕಲೆಯನ್ನು ತೆಗೆಯುವುದರ ಬದಲು ಇನ್ನಷ್ಟು ಆಳಕ್ಕೆ ಇಳಿಸುತ್ತಾನೆ.

ಈ ಕಷ್ಟವು ಮೈಸೂರಿನ ಕುಶಲಕರ್ಮಿಗಳಿಗೆ ಹೊಸದಲ್ಲ. ಬೀಟೆಯಲ್ಲಿ ಹಳ್ಳ ತೋಡಿ, ಬೇರೆ ಬಣ್ಣದ ಚೂರುಗಳನ್ನು ಕೂರಿಸಿ ಸಮಮಾಡುವುದೇ ಅವರ ಕಲೆ. 1897ರಿಂದ 1912ರವರೆಗೆ ಕಟ್ಟಿದ ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಬಿಳುಪನ್ನು ಕೊಟ್ಟಿದ್ದು ಆನೆಯ ದಂತ. ವನ್ಯಜೀವಿ ಕಾಯಿದೆಯ ತಿದ್ದುಪಡಿಗಳು 1986ರಲ್ಲಿ ಭಾರತದ ದಂತದ, 1991ರಲ್ಲಿ ಆಫ್ರಿಕದ ದಂತದ ವ್ಯಾಪಾರವನ್ನು ನಿಲ್ಲಿಸಿದವು. ಅದು ನ್ಯಾಯವೇ ಆಯಿತು. ಆದರೆ ದಂತವು ಧೂಳನ್ನು ಸುಲಭವಾಗಿ ಕುಡಿಯದು. ಬಿಳಿಯ ಮರವು ಕುಡಿಯುವುದು. ದಂತದ ಸ್ಥಾನಕ್ಕೆ ಮರವನ್ನು ತಂದವನು ಎಚ್ಚರವನ್ನೂ ಜೊತೆಗೆ ತರಬೇಕಾಗಿದೆ.

ಆ ಎಚ್ಚರವು ಯಾವುದು? ಮೆರುಗನ್ನು ಕೊನೆಯ ಅಲಂಕಾರವೆಂದು ತಿಳಿಯದೆ, ಮೊದಲನೆಯ ಕಾವಲೆಂದು ತಿಳಿಯುವುದು. ಮೊದಲು, ಹರಿತವಾದ ಉಳಿಯಿಂದಲೇ ಮೈಯನ್ನು ಆದಷ್ಟು ನಯಮಾಡಬೇಕು. ಉಳಿಯು ಸಿಪ್ಪೆ ತೆಗೆಯುವುದು, ಮರಳುಕಾಗದವು ಹುಡಿಮಾಡುವುದು. ಬಳಿಕ ಲೇತನ್ನು ನಿಲ್ಲಿಸಿ, ಬಿಳಿಚಿದ ಅರಗನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿ, ಸಣ್ಣ ಕುಂಚದಿಂದ ಬಿಳಿಯ ಬಳೆಗೆ ಮೊದಲು ಹಚ್ಚತಕ್ಕದ್ದು. ಅದು ಒಣಗಿದ ಮೇಲೆ ಬೇರೊಂದು ಕುಂಚದಿಂದ ಕಪ್ಪುಮರಕ್ಕೆ, ಉಜ್ಜದೆ, ಹಗುರವಾಗಿ ಹಚ್ಚಬೇಕು. ಕಪ್ಪನ್ನು ಮುಟ್ಟಿದ ಕುಂಚವು ಬಿಳುಪಿಗೆ ಮರಳಬಾರದು. ಅರಗು ಒಣಗಿ ನಾಳಗಳ ಬಾಯಿ ಮುಚ್ಚಿದ ಮೇಲೆ ಧೂಳಿಗೆ ಎಡೆಯಿಲ್ಲ.

ಅನಂತರ 220, 320, 400 ಎಂಬ ಕ್ರಮದಲ್ಲಿ ಕಾಗದಗಳನ್ನು ಬಳಸಬಹುದು. ಬಿಳುಪಿಗೂ ಕಪ್ಪಿಗೂ ಬೇರೆ ಬೇರೆ ತುಂಡುಗಳಿರಲಿ. ಪ್ರತಿಯೊಂದು ಕಾಗದದ ಬಳಿಕ ಧೂಳನ್ನು ಒರೆಸದೆ ಒಣಕುಂಚದಿಂದ ಕೊಡವಿ, ಸವೆದ ಕಡೆ ಅರಗಿನ ಇನ್ನೊಂದು ತೆಳುಪದರವನ್ನು ಕೊಡಬೇಕು. ನೀರು ಹಚ್ಚಿ ಉಜ್ಜುವುದು ಸಲ್ಲದು. ಬೀಟೆಯ ಧೂಳು ಮೂಗಿಗೂ ಚರ್ಮಕ್ಕೂ ಕೆಡುಕಾದುದರಿಂದ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಒಳಿತು. ಸ್ಪಿರಿಟ್ಟು ಬೆಂಕಿಯ ಬಳಿ ಬರಕೂಡದು.

ನಿಮ್ಮ ಕೈಯಲ್ಲಿರುವ ಕಪ್ಪುಮರವು ಬಣ್ಣ ಬಿಡುವುದೋ ಇಲ್ಲವೋ ಎಂಬುದಕ್ಕೆ ಸುಲಭವಾದ ಪರೀಕ್ಷೆಯುಂಟು. ಅದರ ಚೂರೊಂದನ್ನು ಸ್ಪಿರಿಟ್ಟಿನಲ್ಲಿ ನೆನೆಸಿದ ಬಿಳಿಬಟ್ಟೆಯಿಂದ ಉಜ್ಜಿರಿ. ಬಟ್ಟೆಯೇ ಉತ್ತರವನ್ನು ಹೇಳುವುದು.

ನನ್ನ ಮಾಸಿದ ಬಳೆಯನ್ನು ಉಳಿಯಿಂದ ಕೂದಲೆಳೆಯಷ್ಟು ಹೆರೆದೆನು. ಬಿಳುಪು ಮತ್ತೆ ಕಂಡಿತು. ಲೇಖನಿಯು ಸ್ವಲ್ಪ ತೆಳ್ಳಗಾಯಿತು. ಅರಗನ್ನು ಮೊದಲು ಹಚ್ಚಿ ಮತ್ತೆ ಉಜ್ಜಿ ಮುಗಿಸಿ, ಹಲವಾಗಲಿಗೆ ಕೊಂಡೊಯ್ದೆನು. ಉಪಾಧ್ಯಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬರೆಯುತ್ತದೆಯೇ ಎಂದಷ್ಟೇ ಕೇಳಿದರು. ಬರೆಯಿತು.