ಪುಟ್ಟ ಕಾರಿನ ಗಾಜು ಮಂಜಾದದ್ದು ಏಕೆ? ಮಾಡೆಲ್ ಕಿಟ್‌ಗೆ ಕೈಯಾರೆ ಮಾಡುವ ಬಿಡಿಭಾಗಗಳ ಹಿಂದಿನ ವಿಜ್ಞಾನ

ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿದಿತ್ತು. ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಅಳತೆಯ (1/24) ಕಿಟ್, ಅದರ ಚಾವಣಿಯ ಮೇಲೆ ನಾನೇ ತಂತಿ ಬಗ್ಗಿಸಿ ಮಾಡಿದ ಲಗೇಜ್ ಕ್ಯಾರಿಯರ್. ಕ್ಯಾರಿಯರ್‌ನ ಆರು ಕಾಲುಗಳಿಗೂ ಒಂದೊಂದು ಹನಿ ಸೂಪರ್ ಗ್ಲೂ ಹಾಕಿದೆ. ಧೂಳು ಕೂರದಿರಲಿ ಎಂದು ಕಾರನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿದು ಮಲಗಿದೆ.

ಬೆಳಗ್ಗೆ ನೋಡಿದರೆ ಮುಂದಿನ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂತೆ ಬಿಳಿ ಮಂಜು. ಒರೆಸಿದರೂ ಹೋಗಲಿಲ್ಲ. ಮಂಜಿನ ನಡುವೆ, ಆಧಾರ್ ಕೇಂದ್ರದಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ, ನನ್ನದೇ ಹೆಬ್ಬೆರಳ ಗುರುತು! ಕಿಟ್‌ನಲ್ಲಿ ಬರುವುದು ಒಂದೇ ಗಾಜು. ಅದು ಹಾಳಾದರೆ ಮೂರು ತಿಂಗಳ ಭಾನುವಾರಗಳು ಹಾಳಾದ ಹಾಗೆ.

ಆಗಿದ್ದೇನು? ಸೂಪರ್ ಗ್ಲೂ 'ಒಣಗುತ್ತದೆ' ಎಂದು ನಾವೆಲ್ಲ ಹೇಳುತ್ತೇವೆ. ಅದು ತಪ್ಪು. ಅದರಲ್ಲಿರುವುದು ಸಯನೋಅಕ್ರಿಲೇಟ್ ಎಂಬ ರಾಸಾಯನಿಕ. ಗಾಳಿಯಲ್ಲಿ ಮತ್ತು ವಸ್ತುವಿನ ಮೇಲ್ಮೈಯಲ್ಲಿ ಇರುವ ತೇವಾಂಶ ತಗುಲಿದ ಕೂಡಲೇ ಅದರ ಬಿಡಿ ಅಣುಗಳು ಒಂದಕ್ಕೊಂದು ಕೈಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ಅಂದರೆ ನೀರು ಹೋಗಿ ಗಟ್ಟಿಯಾಗುವ ಅಂಟು ಇದಲ್ಲ, ನೀರು ಸಿಕ್ಕಿ ಗಟ್ಟಿಯಾಗುವ ಅಂಟು. ಆದರೆ ಹಾಕಿದ ಅಂಟೆಲ್ಲ ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಒಂದಿಷ್ಟು ಆವಿಯಾಗಿ ಮೇಲೇಳುತ್ತದೆ. ಆ ಆವಿ ಹತ್ತಿರದ ಮೇಲ್ಮೈಗೆ ತಾಗಿ ಅಲ್ಲೇ ಗಟ್ಟಿಯಾದಾಗ ಬಿಳಿ ಪುಡಿಯ ತೆಳು ಪದರ ಕೂರುತ್ತದೆ. ಬೆವರು, ಉಪ್ಪಿನ ಅಂಶವಿರುವ ಬೆರಳ ಗುರುತಿನ ಮೇಲೆ ಇನ್ನೂ ಚೆನ್ನಾಗಿ ಕೂರುತ್ತದೆ.

1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸ್ ಪ್ರಯೋಗಾಲಯದಲ್ಲಿ ಇದನ್ನೇ ಗಮನಿಸಿ ಬೆರಳಚ್ಚು ಹಿಡಿಯುವ ವಿಧಾನವನ್ನಾಗಿ ಮಾಡಿಕೊಂಡರು. ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಸೂಪರ್ ಗ್ಲೂ ಆವಿ ಹಾಯಿಸುವುದು ಇಂದಿಗೂ ಅಪರಾಧ ಪತ್ತೆಯ ಸಾಮಾನ್ಯ ಕ್ರಮ. ಮುಚ್ಚಳ ಬಿಗಿದು ನಾನು ಮಾಡಿದ್ದೂ ಅದನ್ನೇ. ತಮಾಷೆಯೆಂದರೆ, 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಈ ರಾಸಾಯನಿಕವನ್ನು ಕಂಡದ್ದು ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ!

ಹಾಗಾದರೆ ಕಿಟ್‌ಗೆ ಸರಿಯಾದ ಅಂಟು ಯಾವುದು? ಕಿಟ್‌ಗಳ ಪ್ಲಾಸ್ಟಿಕ್ ಬಹುಪಾಲು ಪಾಲಿಸ್ಟೈರೀನ್. ಹೆಸರು ಹೊಸದೆನಿಸಿದರೂ ವಸ್ತು ಹಳೆಯ ಪರಿಚಯವೇ. ಗಣೇಶನ ಮಂಟಪಕ್ಕೆ ಕತ್ತರಿಸುತ್ತಿದ್ದ ಥರ್ಮೋಕೋಲ್ ಇದರ ನೊರೆ ರೂಪ, ಸಿಡಿಗಳ ಪಾರದರ್ಶಕ ಡಬ್ಬಿ ಇದರ ಗಟ್ಟಿ ರೂಪ. ಒಂದು ಥರ್ಮೋಕೋಲ್ ತುಂಡಿನ ಮೇಲೆ ಕಿತ್ತಳೆ ಸಿಪ್ಪೆಯನ್ನು ಮಡಚಿ ಹಿಂಡಿ ನೋಡಿ. ಎಣ್ಣೆ ಸಿಡಿದ ಕಡೆಯೆಲ್ಲ ಕುಳಿ ಬೀಳುತ್ತದೆ. ಸಿಪ್ಪೆಯಲ್ಲಿರುವ ಲಿಮೊನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ.

ಹವ್ಯಾಸಿಗಳು 'ಸಿಮೆಂಟ್' ಎನ್ನುವ ಅಂಟು ಕೆಲಸ ಮಾಡುವುದು ಹೀಗೆಯೇ (ಟಮಿಯಾ ಕಂಪನಿ ಲಿಮೊನೀನ್‌ನದೇ ಒಂದು ಸಿಮೆಂಟ್ ಮಾರುತ್ತದೆ). ಎರಡು ತುಂಡುಗಳನ್ನು ಜೋಡಿಸಿ ಹಿಡಿದು ಸಂದಿಗೆ ಕುಂಚ ತಾಗಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಹೀರುವಂತೆ ಸಂದಿಯೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಎರಡೂ ಬದಿಯ ಪ್ಲಾಸ್ಟಿಕ್ ಮೆತ್ತಗಾಗಿ, ಅಣು ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಹಾರಿಹೋದ ಮೇಲೆ ಅಲ್ಲಿ ಅಂಟಿನ ಪದರವೇ ಇರುವುದಿಲ್ಲ. ಎರಡು ತುಂಡು ಒಂದಾಗಿರುತ್ತದೆ, ಹೆಚ್ಚುಕಡಿಮೆ ವೆಲ್ಡಿಂಗ್. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಬಣ್ಣ ಬಳಿದ ಜಾಗವಾದರೆ ಮೊದಲು ಕೆರೆಯಬೇಕು. ಇಲ್ಲವಾದರೆ ಬಣ್ಣವಷ್ಟೇ ಕರಗಿ, ಭಾಗ ನಾಳೆ ಕೈಗೆ ಬರುತ್ತದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕೂಡ ಕರಗಿಸುತ್ತದಲ್ಲ ಎಂದು ಕೇಳಬಹುದು. ಅದು ತೀರಾ ಬೇಗ ಹಾರಿ ಮೇಲ್ಮೈಯನ್ನು ಬೆಳ್ಳಗೆ ಕೆಡಿಸುತ್ತದೆ. ಬೇಡ.

ತಂತಿಯನ್ನು ಮಾತ್ರ ಯಾವ ಸಿಮೆಂಟೂ ಕರಗಿಸದು. ಲೋಹಕ್ಕೆ ಸೂಪರ್ ಗ್ಲೂ ಅಥವಾ ಎರಡು ಟ್ಯೂಬು ಬೆರೆಸುವ ಎಪಾಕ್ಸಿಯೇ ಬೇಕು. ಹಾಗಾಗಿ ನಾನು ಆರಿಸಿದ ಅಂಟು ತಪ್ಪಲ್ಲ, ಕೆಲಸದ ಅನುಕ್ರಮ ತಪ್ಪು. ಕ್ಯಾರಿಯರ್ ಮೊದಲು, ಗಾಜು ಆಮೇಲೆ ಆಗಬೇಕಿತ್ತು, ಅದೂ ತೆರೆದ ಗಾಳಿಯಲ್ಲಿ. ಗಾಜು ಕೂರಿಸಲು ಮನೆಯ ಬಿಳಿ ಫೆವಿಕಾಲ್ ಸಾಕು. 'ಫೆವಿಕಾಲ್ ಪ್ಲಾಸ್ಟಿಕ್‌ಗೆ ಹಿಡಿಯುವುದಿಲ್ಲ' ಎನ್ನುವುದು ಅರ್ಧ ನಿಜ. ಭಾರ ಹೊರುವಷ್ಟು ಹಿಡಿಯುವುದಿಲ್ಲ, ಆದರೆ ಗಾಜು ಹೊರಬೇಕಾದ ಭಾರವಾದರೂ ಏನಿದೆ? ಅದು ಪಾರದರ್ಶಕವಾಗಿ ಒಣಗುತ್ತದೆ, ಮಂಜು ಬಿಡುವುದಿಲ್ಲ.

ಇನ್ನು ಅಳತೆ. ಕೈಯಾರೆ ಮಾಡಿದ ಭಾಗ 'ಆಟಿಕೆಯ ಹಾಗೆ' ಕಂಡರೆ ಕೈಚಳಕ ಸಾಲದು ಎಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಭಾಗಾಕಾರ. 1/24 ಎಂದರೆ ಒಂದಡಿಗೆ ಅರ್ಧ ಇಂಚು. ಮುಕ್ಕಾಲು ಇಂಚಿನ ಕ್ಯಾರಿಯರ್ ಪೈಪು ಇಲ್ಲಿ 0.8 ಮಿ.ಮೀ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 21 ಗೇಜಿನ ತಾಮ್ರದ ತಂತಿ ಕೇಳಿದರೆ ಸರಿಯಾಗಿ ಅದೇ ದಪ್ಪ. ಅದರ ಬದಲು ಕೈಗೆ ಸಿಕ್ಕ ಒಂದೂವರೆ ಮಿ.ಮೀ. ತಂತಿ ಹಾಕಿದರೆ ಚಾವಣಿಯ ಮೇಲೆ 36 ಮಿ.ಮೀ. ದಪ್ಪದ ನೀರಿನ ಪೈಪು ಕಟ್ಟಿದ ಹಾಗೆ. ಎಂಜಿನ್‌ನ ಸ್ಪಾರ್ಕ್ ಪ್ಲಗ್ ವೈರು ಸುಮಾರು 7 ಮಿ.ಮೀ., ಇಲ್ಲಿ 0.3. ಕಣ್ಣಿಗೆ ಇದು ಕೂದಲಿನಷ್ಟು ಸಣ್ಣ ಎನಿಸುತ್ತದೆ. ಕಣ್ಣನ್ನು ನಂಬಬೇಡಿ, ಲೆಕ್ಕವನ್ನು ನಂಬಿ.

ನಂಬರ್ ಪ್ಲೇಟ್ ಇನ್ನೂ ಮಜಾ. ಜಪಾನಿನ ಪ್ಲೇಟ್ 330 × 165 ಮಿ.ಮೀ. ಹಾಗಾಗಿ ಜಪಾನಿ ಕಾರಿನ ಕಿಟ್‌ನಲ್ಲಿ ಅದಕ್ಕೆಂದು ಇರುವ ಗುಳಿ ಸುಮಾರು 14 × 7 ಮಿ.ಮೀ. ನಮ್ಮ ಕಾರುಗಳ ಉದ್ದನೆಯ ಪ್ಲೇಟ್ 500 × 120, ಅಂದರೆ ಇಲ್ಲಿ 21 × 5. 'ಕೆಎ' ಪ್ಲೇಟ್ ಬೇಕೆಂದರೆ ಗುಳಿಯನ್ನು ಪಾಲಿಸ್ಟೈರೀನ್ ತುಂಡಿನಿಂದ ಮುಚ್ಚಿ, ಸಿಮೆಂಟ್ ಹಾಕಿ, ಉಜ್ಜಿ ಸಮ ಮಾಡಬೇಕು. ಅಕ್ಷರದ ಎತ್ತರ ನಿಯಮದಂತೆ 65 ಮಿ.ಮೀ., ಗೆರೆಯ ದಪ್ಪ 10. ಇಲ್ಲಿ 2.7 ಮತ್ತು 0.4. ಸಾಮಾನ್ಯ ಲೇಸರ್ ಪ್ರಿಂಟರ್ ಇದನ್ನು ಸಲೀಸಾಗಿ ಮುದ್ರಿಸುತ್ತದೆ. ಆದರೆ ಅರ್ಧ ಮಿ.ಮೀ. ರಟ್ಟಿಗೆ ಅಂಟಿಸಿದರೆ ಅದು 12 ಮಿ.ಮೀ. ದಪ್ಪದ ಹಲಗೆ! ತೆಳು ಕಾಗದವೇ ಸರಿ.

ಇದೇ ಲೆಕ್ಕದಲ್ಲಿ ಕಿಟ್‌ನ ಬಾಡಿಯೂ ಸುಳ್ಳೇ. ಒಂದು ಮಿ.ಮೀ. ಪ್ಲಾಸ್ಟಿಕ್ ಎಂದರೆ 24 ಮಿ.ಮೀ. ತಗಡು, ಯುದ್ಧಟ್ಯಾಂಕಿಗೆ ಹಾಕುವಂಥದ್ದು. ಇಡೀ ಬಾಡಿಯನ್ನು ತೆಳುವಾಗಿಸಲು ಆಗದು, ಆಗಬೇಕಾಗಿಯೂ ಇಲ್ಲ. ಕಣ್ಣಿಗೆ ಕಾಣುವುದು ಅಂಚು ಮಾತ್ರ. ಚಕ್ರದ ಕಮಾನಿನ ಅಂಚನ್ನು ಒಳಗಡೆಯಿಂದ ಓರೆಯಾಗಿ ಉಜ್ಜಿದರೆ ಸಾಕು.

ಹೊಸ ಸಾಮಗ್ರಿ ಕೊಳ್ಳುವ ಮೊದಲು ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಗಳನ್ನು ಬಿಸಾಡದೆ ಇಟ್ಟುಕೊಳ್ಳಿ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು ತಿರುಗಿಸಿ, ನಡುಭಾಗ ಬಳುಕಿದಾಗ ಹೊರತೆಗೆದು ಎಳೆಯಿರಿ. ಬೆಲ್ಲದ ಪಾಕದಂತೆ ಎಳೆ ಬರುತ್ತದೆ. ನಿಧಾನಕ್ಕೆ ಎಳೆದರೆ ದಪ್ಪ, ಬೇಗ ಎಳೆದರೆ ಸಣ್ಣ. ಆಂಟೆನಾ, ಬ್ರೇಕ್ ಪೈಪು ಎಲ್ಲ ಇದರಿಂದಲೇ ಆಗುತ್ತದೆ, ಮೇಲಾಗಿ ಸಿಮೆಂಟಿಗೂ ಹಿಡಿಯುತ್ತದೆ. ಡಬ್ಬಿ, ಲೋಟಗಳ ಪ್ಲಾಸ್ಟಿಕ್ ಬಳಸುವುದಾದರೆ ತಳದಲ್ಲಿ ತ್ರಿಕೋನದೊಳಗೆ 6 ಎಂದಿದೆಯೇ ನೋಡಿ, ಅದು ಪಾಲಿಸ್ಟೈರೀನ್. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಅದನ್ನು ಸಿಮೆಂಟ್ ಮುಟ್ಟುವುದೂ ಇಲ್ಲ.

ಹಳೆಯ ಕಿಟ್ ತೆರೆದಾಗ ಟೈರು ಕೂತಿದ್ದ ಕಡೆ ಪ್ಲಾಸ್ಟಿಕ್ ಕರಗಿರುವುದನ್ನು ಕಂಡಿದ್ದೀರಾ? 'ಬಿಸಿಲಿಗೆ ಹೀಗಾಯಿತು' ಎನ್ನುವವರುಂಟು. ಕಾರಣ ಟೈರೇ. ಮೆತ್ತನೆಯ ವಿನೈಲ್ ಟೈರಿನಲ್ಲಿ ಅದನ್ನು ಮೆದುವಾಗಿಡುವ ಎಣ್ಣೆಯಂಥ ರಾಸಾಯನಿಕ ಇರುತ್ತದೆ. ಅದು ವರ್ಷಗಟ್ಟಲೆ ಒಸರಿ ಪಕ್ಕದ ಪಾಲಿಸ್ಟೈರೀನನ್ನು ಮೆಲ್ಲನೆ ಕರಗಿಸುತ್ತದೆ. ಟೈರುಗಳನ್ನು ಬೇರೆ ಕವರಿನಲ್ಲಿಡಿ.

ಮೈಮೇಲಿನ ಎಚ್ಚರವೂ ಬೇಕು. ಸಿಮೆಂಟ್ ಬಳಸುವಾಗ ಕಿಟಕಿ ತೆರೆದಿರಲಿ. ಪ್ಲಾಸ್ಟಿಕ್ಕನ್ನು ನೀರು ಹಾಕಿ ಉಜ್ಜಿದರೆ ಧೂಳು ಮೂಗಿಗೆ ಹೋಗುವುದಿಲ್ಲ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿ ಅಥವಾ ಹತ್ತಿ ಬಟ್ಟೆಯಿಂದ ಒರೆಸಲೇಬೇಡಿ. ಹತ್ತಿಯಲ್ಲಿ ಅದು ಅತಿ ವೇಗವಾಗಿ ಗಟ್ಟಿಯಾಗಿ, ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ. ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆದು ನೇರ ವೈದ್ಯರ ಬಳಿಗೆ.

ನನ್ನ ಗಾಜಿನ ಕಥೆ? ಮಂಜು ಕೂತಿದ್ದು ಮೇಲ್ಮೈಯಲ್ಲಿ ಮಾತ್ರ, ಪ್ಲಾಸ್ಟಿಕ್ಕಿನೊಳಗಲ್ಲ. ಹಾಗಾಗಿ ಉಜ್ಜಿ ತೆಗೆಯಲು ಸಾಧ್ಯ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್‌ನಲ್ಲಿ ಇರುವ ನುಣ್ಣನೆಯ ಪುಡಿ ಈ ಕೆಲಸಕ್ಕೆ ಆಗುತ್ತದೆ. ಒದ್ದೆ ಬಟ್ಟೆಗೆ ಚೂರು ಹಚ್ಚಿಕೊಂಡು ಎರಡು ಸಂಜೆ ಉಜ್ಜಿದೆ, ಹೊರಮೈ ತಿಳಿಯಾಯಿತು. ಒಳಗಿನ ಎಡಮೂಲೆಗೆ ಬೆರಳು ಹೋಗುವುದಿಲ್ಲ, ಅಲ್ಲಿ ಇನ್ನೂ ಒಂದಿಷ್ಟು ಮಸುಕಿದೆ. ಕೇಳಿದವರಿಗೆ, ಮಡಿಕೇರಿಯಿಂದ ಬಂದ ಗಾಡಿ ಎನ್ನುತ್ತೇನೆ.